ಅಕ್ಕನಿರುವಾಗ ಆರು ಮದುವೆ ಏಕೆ?

ಇಂಗ್ಲೆಂಡಿನ ಟ್ಯೂಡರ್ ರಾಜವಂಶ ಏಕೆ ಮುಳುಗಿತು ಎಂಬುದು ಇಡೀ ಲಂಡನ್ನಿನಲ್ಲಿ ಒಬ್ಬರಿಗೆ ಮಾತ್ರ ಸರಿಯಾಗಿ ಗೊತ್ತು. ಅವರು ನನ್ನ ಸೋದರಮಾವ! ಕುಂದಾಪುರದವರು. ಈಸ್ಟ್ ಹ್ಯಾಮಿನ ಹೋಟೆಲೊಂದರಲ್ಲಿ ದೋಸೆ ಹೊಯ್ದು ಹೊಯ್ದು ನಿವೃತ್ತರಾಗಿ, ಈಗ ರೇನರ್ಸ್ ಲೇನಿನ ಫ್ಲ್ಯಾಟಿನಲ್ಲಿ ಒಬ್ಬರೇ ಇರುವ ಬ್ರಹ್ಮಚಾರಿ. ಒಬ್ಬರೇ ಎಂದೆನೇ? ತಪ್ಪಾಯಿತು. ಇಡೀ ಟ್ಯೂಡರ್ ವಂಶ ಅವರ ಜೊತೆಗೇ ವಾಸವಾಗಿದೆ.

ಭಾನುವಾರ ಪಿನ್ನರಿನ ನಮ್ಮ ಮನೆಗೆ ಊಟಕ್ಕೆ ಬಂದರೆ, ಕೋಳಿಸಾರು ಬಡಿಸುವ ಮೊದಲೇ ಗಂಡುಮಗುವಿಗಾಗಿ ಆರು ಮದುವೆಯಾದ ಆ ವಂಶದ ದೊರೆಯ ಮೇಲೆ ಹರಿಹಾಯುತ್ತಾರೆ.

"ಅಕ್ಕ ಇಪ್ಪತಿಗೆ ಆರ್ ಮದಿ ಎಂತಕ್ಕೆ ಮಾರಾಯ್ತಿ?"

ನಮ್ಮದು ಅಳಿಯಸಂತಾನದ ಮನೆತನ. ಆಸ್ತಿ, ಹೆಸರು ಎಲ್ಲ ಹರಿಯುವುದು ಅಕ್ಕತಂಗಿಯರ ಮಕ್ಕಳ ಕಡೆಗೆ. ಮಾವನ ಪ್ರಕಾರ ಆ ದೊರೆ ಮಾಡಬೇಕಾಗಿದ್ದದ್ದು ಇಷ್ಟೆ: ಸ್ಕಾಟ್ಲೆಂಡಿಗೆ ಮದುವೆ ಮಾಡಿ ಕೊಟ್ಟಿದ್ದ ಅಕ್ಕನ ಮನೆಗೆ ಹೋಗಿ, ಊಟ ಮಾಡಿ, ಅವಳ ಮಕ್ಕಳೇ ತನ್ನ ವಾರಸುದಾರರೆಂದು ಹೇಳಿ ಬರುವುದು. ಅದು ಬಿಟ್ಟು ಹೆಂಡತಿಯರ ತಲೆ ತೆಗೆಸುವುದೇ? ಕೊನೆಗೆ ಆದದ್ದಾದರೂ ಏನು? ದೊರೆಯ ಮೂರು ಮಕ್ಕಳಿಗೂ ಮಕ್ಕಳಾಗಲಿಲ್ಲ. ಅಕ್ಕನ ಮರಿಮಗನೇ ಬಂದು ಸಿಂಹಾಸನದಲ್ಲಿ ಕುಳಿತ!

"ಆದ್ರೆ ಮಾವಯ್ಯ, ಮಧ್ಯದಲ್ಲಿ ಅಕ್ಕನ ಮಗನೊಬ್ಬ ಬರ್ತಾನಲ್ವಾ? ಅಳಿಯಸಂತಾನದಲ್ಲಿ ಮಗಳಿಂದ ತಾನೇ ಮುಂದುವರಿಯೋದು?" ಎಂದು ನಾನು ಒಮ್ಮೆ ಕೊಕ್ಕೆ ಹಾಕಿದೆ.

"ಅದ್ ಸಣ್ ತಪ್ಪ್. ಹೇಳಿ ಕೊಡುಕೆ ಆಗ ನಾನ್ ಇರ್ಲಿಲ್ಲ ಅಲ್ದಾ?"

ಇಷ್ಟನ್ನು ನಮ್ಮ ಲೈಬ್ರರಿಯ ಇತಿಹಾಸ ಬಳಗದಲ್ಲಿ ಹೇಳಬೇಕೆಂಬುದು ಮಾವನ ಜೀವನದ ಆಸೆ. ಎರಡು ಸಲ ಬೇಡವೆಂದ ಮೇಲೆ, ಮೂರನೆಯ ಸಲ ಬಳಗದವರು ಹತ್ತು ನಿಮಿಷ ಕೊಟ್ಟರು. ಹಿಡಿಸಿದರೆ ಮುಂದೆ ಪೂರ್ತಿ ಒಂದು ಗಂಟೆ. ಹಿಡಿಸದಿದ್ದರೆ ತಾವೇ ಬರೆದ ಟ್ಯೂಡರ್ ವಂಶವೃಕ್ಷದ ಚಾರ್ಟನ್ನು ಕೌನ್ಸಿಲ್ ಕಸದ ಡಬ್ಬಿಗೆ ಹಾಕಿ, ಟ್ಯೂಡರ್ ಹೆಸರನ್ನೇ ಎತ್ತುವುದಿಲ್ಲ ಎಂದರು ಮಾವ. ಆ ದಿನ ಟ್ಯೂಬ್ ರೈಲಿನಲ್ಲಿ ಅವರು ಚಾರ್ಟನ್ನು ಎದೆಗವಚಿಕೊಂಡೇ ಕುಳಿತಿದ್ದರು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಚಾರ್ಟ್ ಬಿಚ್ಚಿದ್ದೇ ತಡ, ಬಳಗದ ಕಾರ್ಯದರ್ಶಿ ಮೇಡಂ ಕನ್ನಡಕ ಸರಿಮಾಡಿಕೊಂಡರು. "ಇದು ತಪ್ಪಾಗಿದೆ. ಮಧ್ಯದಲ್ಲಿ ಬರೀ ಹೆಂಗಸರು. ರಾಜರೆಲ್ಲ ಮೂಲೆಯಲ್ಲಿದ್ದಾರಲ್ಲ!"

"ಅವರ ಜಾಗ ಅದೇ ಮೇಡಂ!" ಎಂದು ಮಾವ ತಮ್ಮ ದೋಸೆಕಲ್ಲಿನ ಇಂಗ್ಲಿಷಿನಲ್ಲಿ ಶುರುಮಾಡಿದರು. ಹತ್ತು ನಿಮಿಷ ನಲವತ್ತಾಯಿತು. ಯಾರೂ ಗಡಿಯಾರ ನೋಡಲಿಲ್ಲ! ಅಕ್ಕನ ಮರಿಮಗ ಸಿಂಹಾಸನ ಏರಿದಾಗ ಹಿಂದಿನ ಸಾಲಿನ ಅಜ್ಜನೊಬ್ಬ ಎದ್ದು ನಿಂತು ಚಪ್ಪಾಳೆ ತಟ್ಟಿದ. ಮುಂದಿನ ತಿಂಗಳ ಒಂದು ಗಂಟೆ ಪೂರ್ತಿ ನಿಮ್ಮದೇ ಎಂದು ಮೇಡಂ ಅಲ್ಲಿಯೇ ಘೋಷಿಸಿದರು. ನಮ್ಮ ಮಾವ ಗೆದ್ದರು!

ಆಮೇಲೆ ಚಹಾ ಕುಡಿಯುತ್ತಾ ಮೇಡಂ ಸಹಜವಾಗಿ ಕೇಳಿಬಿಟ್ಟರು: "ನಿಮಗೆ ಮಕ್ಕಳೆಷ್ಟು?"

ಯಾವ ಮದುವೆ ಮನೆಗೆ ಹೋದರೂ ಇದೇ ಪ್ರಶ್ನೆಗೆ ಮಾವ ಎಲೆಯ ಮೇಲೆ ಕಣ್ಣಿಟ್ಟು ಕೂರುವುದನ್ನು ನಾನು ನೋಡಿದ್ದೇನೆ. ಆದರೆ ಇವತ್ತು ಅವರು ಚಾರ್ಟನ್ನು ಮಗುಚಿ ಹಾಕಿದರು. ಹಿಂಬದಿಯಲ್ಲಿ ನಮ್ಮದೇ ಮನೆತನ! ನಟ್ಟನಡುವೆ ದಪ್ಪ ಶಾಯಿಯಲ್ಲಿ ನನ್ನ ಅಜ್ಜಿ, ಅವರ ಕೆಳಗೆ ಅಮ್ಮ, ಅಮ್ಮನ ಕೆಳಗೆ ನಾನು. ತಮ್ಮ ಹೆಸರನ್ನು ಮಾತ್ರ ಮಾವ ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣಗೆ ಬರೆದುಕೊಂಡಿದ್ದರು.

"ಒಬ್ಬಳಿದ್ದಾಳೆ. ನನ್ನ ಅಕ್ಕನ ಮಗಳು," ಎಂದು ಬೆರಳಿಟ್ಟು ತೋರಿಸಿದರು.

ನಾನು ಅತ್ತುಬಿಟ್ಟೆ. ಸುಳ್ಳೇಕೆ ಹೇಳಲಿ? ಮಾವ ಚಾರ್ಟನ್ನು ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ನನ್ನ ಕೈಗೆ ಕೊಟ್ಟರು.

"ಗಟ್ಟಿ ಹಿಡ್ಕೊ ಹೆಣ್ಣೇ. ಇನ್ ಇದ್ ನಿಂದೇ."