ಹತ್ತು ಪರದೇಶಿ ಭಾಗಗಳು

ಆ ಶನಿವಾರ ಬೆಳಿಗ್ಗೆ ಹಾರ್ಲನ್ ಸ್ಟಿಡಮ್ ಅಪ್ಪನ ಹಳೇ ಕೋವಿಯನ್ನು ಪ್ರೀತಿಯಿಂದ ಒಮ್ಮೆ ಅಲುಗಿಸಿದ್ದೇ ತಡ, ಅದರ ಹೊಟ್ಟೆಯಡಿಯ ಗುಂಡಿನ ಡಬ್ಬಿಯ, ಅಂದರೆ ಮ್ಯಾಗಜೀನಿನ, ಬಾಯಿ ಕಳಚಿಕೊಂಡು ಹತ್ತೂ ಗುಂಡುಗಳು ಅವನ ಚಪ್ಪಲಿಯ ಮೇಲೆ ಉದುರಿದವು.

ಮಧ್ಯಾಹ್ನ ಎರಡಕ್ಕೆ ಕೋಲ್ಡ್ ಫೋರ್ಕ್ ಕ್ಲಬ್ಬಿನಲ್ಲಿ ಹಳೇ ಸೈನಿಕ ಕೋವಿಗಳ ಪಂದ್ಯ. ಯಾವುದೋ ದೇಶದ ಸೈನ್ಯ ಬೇಡವೆಂದು ಮಾರಿದ ಈ ಕೋವಿಯನ್ನು ಹಿಡಿದು ಅಪ್ಪ ಅಮೋಸ್ ಮೂವತ್ತು ವರ್ಷ ಅಲ್ಲಿಗೆ ಹೋದ. ಗೆದ್ದವರ ಹಲಗೆಯ ಮೇಲೆ ಸ್ಟಿಡಮ್ ಎಂಬ ಹೆಸರು ಒಮ್ಮೆಯೂ ಏರಲಿಲ್ಲ. ಅದೇ ಕೊರಗಿನಲ್ಲಿ ಹೋದ ವರ್ಷ ತೀರಿಕೊಂಡ. ಈ ಸಲ ಏರಿಸಿಯೇ ಬಿಡಬೇಕೆಂದು ಹಾರ್ಲನ್ ಪಂದ್ಯದ ಕಾಗದವನ್ನು ಫ್ರಿಜ್ಜಿಗೆ ಅಂಟಿಸಿ, ಒಂದು ತಿಂಗಳಿಂದ ಅದರ ಮುಂದೆ ನಿಂತು ಕನಸು ಕಾಣುತ್ತಿದ್ದ. ಕನಸಿನಲ್ಲಿ ಹಲಗೆ ಜೇನಿನ ಬಣ್ಣಕ್ಕೆ ಹೊಳೆಯುತ್ತಿತ್ತು. ಅಪ್ಪ ಬೆಂಚಿನ ತುದಿಯಲ್ಲಿ ಕೂತು ಕಾಫಿ ಹೀರುತ್ತಾ ನಗುತ್ತಿದ್ದ. ಕಾಗದದಲ್ಲಿ ಏನು ಬರೆದಿದೆಯೆಂದು ಓದಲು ಮಾತ್ರ ಪುಣ್ಯಾತ್ಮನಿಗೆ ಪುರುಸೊತ್ತಾಗಿರಲಿಲ್ಲ.

"ಆ ಮ್ಯಾಗಜೀನಿನ ಕತೆ ಮುಗೀತು ಕಣೋ," ಎಂದ ಬೇಲಿಯಾಚೆಯ ಡೆಲ್ಬರ್ಟ್. ಅವನ ಬಳಿಯೂ ಅಂಥದೇ ಕೋವಿ ಇತ್ತು. ಎಂದೋ ಅದಕ್ಕೆ ಕರೀ ಪ್ಲಾಸ್ಟಿಕ್ ಹಿಡಿ, ಹೊಸ ಮ್ಯಾಗಜೀನು ತೊಡಿಸಿದ್ದ. "ಹೊಸದು ಹಾಕ್ಸು. ಆದ್ರೆ ಹುಷಾರು, ಕಾನೂನಿದೆ!"

ಊರಿನ ಕೋವಿ ಮಾರುವ ನಡೀನಳ ಅಂಗಡಿಯಲ್ಲಿ ಹಳೇ ನಮೂನೆಯದು ಇರಲಿಲ್ಲ. ಇಪ್ಪತ್ತು ಗುಂಡಿನದು ಇತ್ತು, ಅಮೆರಿಕದಲ್ಲೇ ಮಾಡಿದ್ದು.

"ಇದನ್ನ ಹಾಕಿದ್ರೆ ಕಾನೂನು ಪ್ರಕಾರ ಕೋವೀಲಿ ಪರದೇಶಿ ಭಾಗ ಹತ್ತು ದಾಟಬಾರ್ದಪ್ಪ," ಎಂದಳು ನಡೀನ್. "ಈಗ ಹದಿನಾಲ್ಕಿದೆ. ಈ ಮ್ಯಾಗಜೀನು ಹಾಕಿದ್ರೆ ಮೂರು ಕಮ್ಮಿ. ಉಳೀತು ಹನ್ನೊಂದು."

"ಒಂದೇ ಒಂದು ಜಾಸ್ತಿಗೆ ಜೈಲಾ?"

"ಯಾಕೆ ಆ ಗೋಳು? ಮರದ ಹಿಡಿ ತೆಗೆದು ನಮ್ಮ ಪ್ಲಾಸ್ಟಿಕ್ಕಿನದು ಹಾಕು. ಹತ್ತಕ್ಕೆ ಹತ್ತು!"

ಹಾರ್ಲನ್ ಎರಡೂ ಕೊಂಡ. ಮನೆಯ ಜಗುಲಿಯಲ್ಲಿ ಕೂತು ಎರಡನ್ನೂ ಜೋಡಿಸಿ, ಬೆರಳು ಮಡಚಿ ಮಡಚಿ ಎಣಿಸಿದ. ಒಮ್ಮೆ ಒಂಬತ್ತು ಬಂತು, ಒಮ್ಮೆ ಹನ್ನೆರಡು. ನಡುವೆ ಒಂದು ಮೋಡ ಅಪ್ಪನ ಟೋಪಿಯ ಹಾಗೆ ಕಂಡು ಲೆಕ್ಕ ತಪ್ಪಿತು. ಕೊನೆಗೆ ಹತ್ತು ಬಂದಾಗ ಗಂಟೆ ಒಂದೂವರೆ. ಕಳಚಿದ ಹಳೇ ಭಾಗಗಳನ್ನೆಲ್ಲ ಜಗುಲಿಯ ಮೇಜಿನ ಮೇಲೆ ಬಿಟ್ಟು ಓಡಿದ.

ಕ್ಲಬ್ಬಿನ ಬಾಗಿಲಲ್ಲಿ ತೀರ್ಪುಗಾರರ ಕೆಂಪು ಟೋಪಿ ಹಾಕಿ ನಿಂತಿದ್ದವಳು ನಡೀನಳೇ.

"ಇದು ನಡೆಯಲ್ಲ ಹಾರ್ಲನ್. ಸೈನ್ಯದಿಂದ ಹೇಗೆ ಬಂತೋ ಹಾಗೇ ಇರೋ ಕೋವಿಗೆ ಮಾತ್ರ ಈ ಪಂದ್ಯ."

"ಅಯ್ಯೋ, ನೀವೇ ಮಾರಿದ್ರಲ್ಲ!"

"ಪಂದ್ಯಕ್ಕೆ ಅಂತ ನೀನು ಬಾಯಿಬಿಟ್ಯಾ? ಕಾನೂನಿಗೆ ಸರಿಯಾಗಿರ್ಬೇಕು ಅಂದೆ, ಸರಿ ಮಾಡಿ ಕೊಟ್ಟೆ. ಕಾಗದದಲ್ಲಿ ದಪ್ಪಕ್ಷರದಲ್ಲಿ ಬರ್ದಿದ್ದೀವಲ್ಲೋ."

ಹಾರ್ಲನ್ ಬಿದ್ದಂಬೀಳ ಮನೆಗೆ ಓಡಿದ. ಅಂಗಳದಲ್ಲಿ ಹೆಂಡತಿ ಓಪಲ್ ಮನೆಯ ಹಳೇ ಸಾಮಾನು ಹರವಿಕೊಂಡು ಮಾರುತ್ತಿದ್ದಳು. ಜಗುಲಿಯ ಮೇಜೂ ಅಂಗಳಕ್ಕೆ ಇಳಿದಿತ್ತು. ಅದರ ಮೇಲೆ ಒಂದು ಬ್ರೆಡ್ ಸುಡುವ ಯಂತ್ರ ಬಿಟ್ಟರೆ ಏನೂ ಇರಲಿಲ್ಲ.

"ಓಪಲ್, ಅಪ್ಪನ ಮರದ ಹಿಡಿ?"

"ಮೇಜಿನ ಮೇಲೆ ನೀನೇ ಅಲ್ವಾ ಇಟ್ಟಿದ್ದು? ಮಾರೋಕೆ ಅಂದ್ಕೊಂಡೆ. ಆಗ್ಲೇ ಹೋಯ್ತು, ಮೂರು ಡಾಲರಿಗೆ," ಎಂದಳು ಹೆಮ್ಮೆಯಿಂದ. "ಆ ಕಬ್ಬಿಣದ ಡಬ್ಬೀನ ಪುಕ್ಕಟೆ ಕೊಟ್ಬಿಟ್ಟೆ."

ಕೊಂಡವರು ಯಾರೆಂದು ಕೇಳುವ ಚೈತನ್ಯವೂ ಅವನಿಗಿರಲಿಲ್ಲ. ಬಹಳ ಹೊತ್ತು ಜಗುಲಿಯಲ್ಲಿ ಕೂತಿದ್ದು, ಕಾಲೆಳೆಯುತ್ತಾ ಕ್ಲಬ್ಬಿಗೆ ಮರಳಿದಾಗ ಪಂದ್ಯ ಮುಗಿದು ಚಪ್ಪಾಳೆ ಬೀಳುತ್ತಿತ್ತು. ಸಂಜೆಬಿಸಿಲಿಗೆ ಹಲಗೆ ಥೇಟ್ ಜೇನಿನ ಬಣ್ಣಕ್ಕೆ ಹೊಳೆಯುತ್ತಿತ್ತು. ನಡೀನ್ ಅದರ ಮೇಲೆ ಡೆಲ್ಬರ್ಟನ ಹೆಸರು ಬರೆಯುತ್ತಿದ್ದಳು.

ಡೆಲ್ಬರ್ಟನ ಕೈಯಲ್ಲಿದ್ದ ಕೋವಿಗೆ ಮರದ ಹಿಡಿ. ಅದರ ಮೇಲೆ ಚಾಕುವಿನಲ್ಲಿ ಕೆತ್ತಿದ ಎರಡು ಅಕ್ಷರ: ಅ. ಸ್ಟಿ. ಅಮೋಸ್ ಸ್ಟಿಡಮ್. ಮೂವತ್ತು ವರ್ಷ ಸೋತ ಅಪ್ಪ ಕೊನೆಗೂ ಗೆದ್ದಿದ್ದ, ಪಕ್ಕದ ಮನೆಯವನ ಹೆಗಲೇರಿ.

"ಓಪಲ್ ಪುಕ್ಕಟೆ ಕೊಟ್ಟ ನಿನ್ ಮ್ಯಾಗಜೀನಿಗೆ ಏನೂ ಆಗಿರ್ಲಿಲ್ಲ ಮಾರಾಯ," ಎಂದ ಡೆಲ್ಬರ್ಟ್. "ಚಿಲಕಕ್ಕೆ ಹಳೇ ಗ್ರೀಸು ಮೆತ್ತಿಕೊಂಡಿತ್ತು ಅಷ್ಟೆ. ಬಟ್ಟೇಲಿ ಒರೆಸಿದೆ, ಗಟ್ಟಿಯಾಗಿ ಕೂತ್ಕೊಂತು."

"ಡೆಲ್ಬರ್ಟ್, ಆ ಹಿಡಿ ಅಪ್ಪನದು. ಎಷ್ಟಾದ್ರೂ ಕೇಳು, ವಾಪಸ್ ಕೊಡು."

"ಗೆದ್ದ ಹಿಡೀನ ಯಾರಾದ್ರೂ ಮಾರ್ತಾರೇನೋ?" ಡೆಲ್ಬರ್ಟ್ ಅವನ ಬೆನ್ನು ತಟ್ಟಿದ. "ಬೇಜಾರ್ ಮಾಡ್ಕೋಬೇಡ. ನನ್ನ ಹಳೇ ಪ್ಲಾಸ್ಟಿಕ್ ಹಿಡಿ ಮನೇಲಿದೆ, ಸುಮ್ನೆ ತಗೊಂಡು ಹೋಗು. ಕಾನೂನಿಗೆ ಸರಿಯಾಗಿದೆ!"