ಪ್ರಚಾರದ ಗಾಡಿಯ ಹಿಡಿಯದ ಸ್ಕ್ರೂ

ಸ್ಕ್ರೂ ಕೂರುವ ತೂತು ಒಮ್ಮೆ ಸವೆದರೆ ಮುಗಿಯಿತು. ಎಷ್ಟು ತಿರುಗಿಸಿದರೂ ಸ್ಕ್ರೂ ತಿರುಗುತ್ತಲೇ ಇರುತ್ತದೆ, ಹಿಡಿಯುವುದಿಲ್ಲ. ಅಂಗಡಿ ಭಾಷೆಯಲ್ಲಿ ಅದಕ್ಕೆ ‘ತ್ರೆಡ್ ಹೋಗಿದೆ’ ಎನ್ನುತ್ತೇವೆ. ಚಾಮರಾಜಪೇಟೆಯಲ್ಲಿ ಮೈಕ್ ಸೆಟ್ ರಿಪೇರಿ ಮಾಡುತ್ತಾ ಕೂತ ನನಗೆ ಇಂಥ ತೂತುಗಳಿಂದ ಹುಟ್ಟಿದ ಪ್ರಸಂಗಗಳಿಗೆ ಬರವಿಲ್ಲ. ಅದರಲ್ಲಿ ಮುಕ್ಕಾಲು ಪಾಲು ತೊಂಬತ್ತರ ದಶಕದ ಒಬ್ಬರೇ ಗಿರಾಕಿಯವು. ಹಳೆ ಮೋಟಾರ್ ಸೈಕಲ್ಲಿನ ಹಿಂದೆ ಹಲಗೆ ಕೂರಿಸಿ, ಅದರ ಮೇಲೆ ಎರಡು ಸ್ಪೀಕರ್ ಬಿಗಿದು, ಕೊರಳಿಗೆ ಮೈಕ್ ನೇತುಹಾಕಿಕೊಂಡು ಬೀದಿ ಬೀದಿ ಕೂಗುತ್ತಿದ್ದರು. ನಾವೆಲ್ಲ ಅವರನ್ನು ಪ್ರಚಾರದವರು ಎನ್ನುತ್ತಿದ್ದೆವು. ಕಂಚಿನ ಕಂಠ. ಸಂಸಾರ ನಡೆಯುತ್ತಿದ್ದುದೂ ಅದರಿಂದಲೇ.

ಲವಂಗ

ಮೊದಲ ಸಲ ಬಂದಾಗ ಎಡಗಡೆ ಸ್ಪೀಕರ್ ಹಲ್ಲು ಬಿದ್ದವರ ಬಾಯಂತೆ ಅಲ್ಲಾಡುತ್ತಿತ್ತು. ಹಲಗೆಯ ತೂತಿನೊಳಗೆ ಇಕ್ಕಳ ಹಾಕಿ ಎಳೆದೆ. ಬೆಂಕಿಕಡ್ಡಿ ಬಂತು. ಆಮೇಲೆ ಪೊರಕೆ ಕಡ್ಡಿ, ಊದುಬತ್ತಿಯ ತುಂಡು, ಮಡಚಿದ ಬಸ್ ಟಿಕೆಟ್. ಕೊನೆಗೆ ಒಂದು ಲವಂಗ.

“ಇದ್ಯಾಕೆ ಸ್ವಾಮಿ?” ಎಂದೆ.

“ಗಂಟಲಿಗೆ ಅಂತ ಜೇಬಲ್ಲಿ ಇಟ್ಕೊಂಡಿರ್ತೀನಿ. ದಾರೀಲಿ ಸ್ಕ್ರೂ ಬಿದ್ಹೋಯ್ತು. ತಲೆ ಇದೆ, ಕಾಲಿದೆ, ನೋಡಕ್ಕೆ ಸ್ಕ್ರೂ ಥರಾನೇ ಇತ್ತು, ಹಾಕ್ದೆ.”

ನಾನು ನಗಲಿಲ್ಲ, ಅವರೂ ನಗಲಿಲ್ಲ. ಹಲಗೆ ತೆಗೆದು ಕಬ್ಬಿಣದ ತಗಡು ಹಾಕಬೇಕು, ಗಾಡಿ ಒಂದು ದಿನ ಬಿಟ್ಟು ಹೋಗಿ ಎಂದೆ. ನಾಳೆ ಬಿಡ್ತೀನಿ ಎಂದರು. ಹೋಗುವಾಗ ತಿರುಗಿ ಬಂದು ಆ ಲವಂಗವನ್ನು ಒರೆಸಿ ಬಾಯಿಗೆ ಹಾಕಿಕೊಂಡರು.

ಕೊನೆ ದಿನ

ಆ ನಾಳೆ ಬರಲೇ ಇಲ್ಲ. ಬಸವನಗುಡಿಯ ಒಂದು ಛತ್ರದಲ್ಲಿ ಸೀರೆಗಳ ರಿಡಕ್ಷನ್ ಸೇಲ್ ನಡೆಯುತ್ತಿತ್ತು. ಅದರ ಪ್ರಚಾರ ಇವರದ್ದು. “ಇಂದೇ ಕೊನೆ ದಿನ, ತಡ ಮಾಡಬೇಡಿ, ಇರೋದೆಲ್ಲ ಖಾಲಿ ಮಾಡ್ತಿದೀವಿ” ಎಂದು ದಿನಾ ಕೂಗುತ್ತಾ ಹೋಗುತ್ತಿದ್ದರು. ಕಂಡಾಗಲೆಲ್ಲ ನಾನು ಗಾಡಿ ಬಿಡಿ ಎನ್ನುವುದು, ಅವರು ಮೈಕಿಗೆ ಕೈ ಅಡ್ಡ ಹಿಡಿದು, “ಇವತ್ತೊಂದಿನ ಸ್ವಾಮಿ, ಕೊನೆ ದಿನ” ಎನ್ನುವುದು. ಹೀಗೆ ತಿಂಗಳು ಕಳೆಯಿತು.

ಒಂದು ಮಧ್ಯಾಹ್ನ ಗಾಡಿ ಸಮೇತ ಅಂಗಡಿಗೆ ಬಂದರು. ಗಾಂಧಿ ಬಜಾರಿನ ಹಳ್ಳಕ್ಕೆ ಇಳಿಸಿದ ಹೊಡೆತಕ್ಕೆ ಸ್ಕ್ರೂ ಹಾರಿ, ಬಲಗಡೆ ಸ್ಪೀಕರ್ ಗಿರ್ರನೆ ತಿರುಗಿ ಅವರ ಕಿವಿಗೇ ನೆಟ್ಟಿತ್ತು. ಹಾಗೇ ಮಲ್ಲೇಶ್ವರದವರೆಗೂ ಹೋಗಿ ಬಂದಿದ್ದರಂತೆ. ಹ್ಯಾಂಡಲಿನಲ್ಲಿ ಒಂದು ಚೀಲ ನೇತಾಡುತ್ತಿತ್ತು.

“ಇಷ್ಟು ವರ್ಷದಲ್ಲಿ ನನ್ನ ಪ್ರಚಾರ ನಾನೇ ಸರಿಯಾಗಿ ಕೇಳಿದ್ದು ಇವತ್ತೇ,” ಎಂದರು. “ಕೊನೆ ದಿನ ಅಂತಿದಾರಲ್ಲ, ಆಮೇಲೆ ಸಿಗುತ್ತೋ ಇಲ್ವೋ ಅಂತ ನಮ್ಮನೆಯವರಿಗೆ ಎರಡು ಸೀರೆ ತಂದ್ಬಿಟ್ಟೆ.”

ದಪ್ಪ ಸ್ಕ್ರೂ

ಒಂದು ಬೆಳಿಗ್ಗೆ ಬಂದು ಮಾತಾಡಿದರು, ನನಗೆ ಅರ್ಧ ಕೇಳಿಸಲಿಲ್ಲ. ಸ್ಪೀಕರಲ್ಲ, ಕಂಠವೇ ಕೆಟ್ಟಿತ್ತು. ಗಂಟಲಲ್ಲಿ ಸಣ್ಣ ಗಂಟಂತೆ. ಆಪರೇಷನ್ ಆಗಬೇಕು, ಆದ ಮೇಲೆ ದನಿ ಮೊದಲಿನಂತೆ ಬರುತ್ತದೆಂದು ಡಾಕ್ಟರು ಮಾತು ಕೊಟ್ಟಿಲ್ಲ.

“ನೀವು ಅಂತೀರಲ್ಲ ತ್ರೆಡ್ ಹೋಗಿದೆ ಅಂತ, ಹಂಗೇ ಆಗಿದೆ ಸ್ವಾಮಿ. ದಪ್ಪ ಸ್ಕ್ರೂ ಏನಾದ್ರೂ ಹಾಕಕ್ಕಾಗುತ್ತಾ ಅಂದೆ. ಡಾಕ್ಟರಿಗೆ ನಗು ಬರಲಿಲ್ಲ.”

ನನಗೂ ಬರಲಿಲ್ಲ. ಇದ್ದಷ್ಟು ದನಿಯಲ್ಲೇ ಸೀರೆ ಪ್ರಚಾರವನ್ನು ಕ್ಯಾಸೆಟ್ ಮಾಡಿಕೊಡಿ ಎಂದರು. ಬಿಸಿನೀರು ಕುಡಿಯುತ್ತಾ, ನಿಲ್ಲಿಸಿ ನಿಲ್ಲಿಸಿ ಹೇಳಿದರು. ಕ್ಯಾಸೆಟ್ಟನ್ನು ಗಾಡಿಯ ಪೆಟ್ಟಿಗೆಯೊಳಗಿನ ಸೆಟ್ಟಿಗೆ ಹಾಕಿ, ಬೀಗ ಜಡಿದು, ಬೀಗದ ಕೈಯನ್ನು ಎಂದಿನಂತೆ ಜನಿವಾರಕ್ಕೆ ಕಟ್ಟಿಕೊಂಡರು. ಈ ಸಲ ಗಾಡಿ ಬಿಟ್ಟುಹೋದರು. ಹೊರಡುವಾಗ ಒಂದು ಮಾತು ಹೇಳಿದರು.

“ಡಬಲ್ ಸ್ಟ್ಯಾಂಡ್ ಹಾಕ್ಬೇಡಿ. ಪೆಟ್ಟಿಗೆ ಒಳಗಿನ ಸ್ವಿಚ್ಚಿಂದೂ ತ್ರೆಡ್ ಹೋಗಿದೆ. ಕುಕ್ಕಿದ್ರೆ ತಾನೇ ಆನ್ ಆಗುತ್ತೆ.”

ಕಿಟಕಿ

ಹಲಗೆ ಬಿಸಾಡಿ ಕಬ್ಬಿಣದ ತಗಡು ಕೂರಿಸಿದೆ. ಹೊಸ ತೂತು ಕೊರೆದು, ಹಿಂದೆ ನಟ್ ವೆಲ್ಡ್ ಮಾಡಿಸಿ, ಸ್ಪೀಕರುಗಳನ್ನು ಬಿಗಿದೆ. ವೈರುಗಳನ್ನೂ ಕೊಳವೆಯೊಳಗೆ ಸೇರಿಸಿ ಮುಚ್ಚಿದೆ. ನನ್ನ ಕೆಲಸದ ಬಗ್ಗೆ ನನಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಆಪರೇಷನ್ ಆಗಿ ಮೂರನೇ ದಿನ ಅವರ ಮನೆಯವರು ಅಂಗಡಿಗೆ ಬಂದರು. “ಹದಿನೈದು ದಿನ ಪಿಟ್ಟೆನ್ನಬಾರದು ಅಂದಿದಾರೆ. ಆಮೇಲೂ ದನಿ ಬರುತ್ತೋ ಇಲ್ವೋ. ಇವರು ಗಾಡಿ ಎಲ್ಲಿ ಅಂತ ಕೈಯಲ್ಲೇ ಕೇಳ್ತಾನೇ ಇದಾರೆ. ಒಂದ್ಸಲ ತಂದು ತೋರಿಸ್ಬಿಡಿ,” ಎಂದರು.

ಆಸ್ಪತ್ರೆ ಮುಂದೆ, ಅವರ ವಾರ್ಡಿನ ಕಿಟಕಿಯ ಕೆಳಗೇ ನಿಲ್ಲಿಸಿದೆ. ವಾಚ್‌ಮನ್ ಬಂದು, “ಜಾಗ ಇಲ್ಲ, ಡಬಲ್ ಸ್ಟ್ಯಾಂಡ್ ಹಾಕಿ,” ಎಂದ. ಹೆಮ್ಮೆಯಲ್ಲಿದ್ದವನಿಗೆ ನೆನಪಾಗಲಿಲ್ಲ. ಎತ್ತಿ ಕುಕ್ಕಿದೆ.

“ಇಂದೇ ಕೊನೆ ದಿನ,” ಎಂದಿತು ಗಾಡಿ, ವಾರ್ಡಿನ ಕಡೆ ಮುಖ ಮಾಡಿ. “ತಡ ಮಾಡಬೇಡಿ. ಮನೆಮಂದಿಯನ್ನೆಲ್ಲ ಕರೆತನ್ನಿ. ಇರೋದೆಲ್ಲ ಖಾಲಿ ಮಾಡ್ತಿದೀವಿ.”

ಮತ್ತೆ ಎತ್ತಿ ಕುಕ್ಕಿದೆ. ಇನ್ನೂ ಜೋರಾಯಿತು. ಕಿಟಕಿಗಳಲ್ಲಿ ರೋಗಿಗಳು ಒಬ್ಬೊಬ್ಬರಾಗಿ ಕಾಣಿಸಿಕೊಂಡರು. ಒಬ್ಬ ಅಜ್ಜಿ ಕೈ ಮುಗಿದರು. ಪೆಟ್ಟಿಗೆಗೆ ಬೀಗ, ವೈರು ಕೊಳವೆಯೊಳಗೆ. ಸ್ಪೀಕರನ್ನಾದರೂ ಕಿತ್ತು ಗೋಡೆಗೆ ತಿರುಗಿಸೋಣವೆಂದು ಹಿಡಿದು ಜಗ್ಗಿದೆ. ಹಲಗೆಯ ಕಾಲದಲ್ಲಿ ಊದಿದರೆ ಉದುರುತ್ತಿದ್ದ ಸ್ಪೀಕರ್ ಆ ದಿನ ಕೂದಲೆಳೆಯಷ್ಟೂ ಅಲುಗಲಿಲ್ಲ.

“ಆಫ್ ಮಾಡ್ರೀ ಅದನ್ನ, ಜನ ಸಾಯ್ತಾರೆ.”

ಕ್ಯಾಸೆಟ್ಟಿನದೇ ದನಿ ಎಂದುಕೊಂಡೆ. ಆದರೆ ಕ್ಯಾಸೆಟ್ಟಿನಲ್ಲಿ ಆ ಮಾತಿರಲಿಲ್ಲ, ಅದರ ಒಡೆದ ದನಿಯೂ ಇದಲ್ಲ. ತಲೆ ಎತ್ತಿದೆ. ಪ್ರಚಾರದವರು ಕಿಟಕಿಯ ಸರಳಿನಾಚೆಗೆ ಜನಿವಾರ ಎಳೆದು ಹಿಡಿದು, ಬೀಗದ ಕೈ ತೋರಿಸುತ್ತಿದ್ದರು. ಅದೇ ಹಳೆಯ ಕಂಚಿನ ಕಂಠ.

ಮೆಟ್ಟಿಲು ಹತ್ತಿ ಓಡಿದೆ. ಅವರ ಮನೆಯವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು. ನನ್ನ ಕಣ್ಣಲ್ಲೂ ನೀರು ಬಂತು. ತಾವು ಮಾತಾಡಿದ್ದು ಪ್ರಚಾರದವರಿಗೆ ಆಗಷ್ಟೇ ಗೊತ್ತಾಗಿ, ಬೀಗದ ಕೈ ಹಿಡಿದ ಹಾಗೇ ನಿಂತುಬಿಟ್ಟಿದ್ದರು. ನನ್ನ ಹಿಂದೆಯೇ ಡಾಕ್ಟರು ಬಂದರು.

“ದನಿ ಬರುತ್ತೋ ಇಲ್ವೋ ಹದಿನೈದು ದಿನ ಬಿಟ್ಟು ನೋಡೋಣ ಅಂದಿದ್ದೆ,” ಎಂದರು. “ಈಗ ಇಡೀ ರಸ್ತೆಗೆ ಗೊತ್ತಾಯ್ತು. ಇನ್ನು ದಯವಿಟ್ಟು ಬಾಯಿ ಮುಚ್ಕೊಳ್ಳಿ.”

ಅವರು ಮುಚ್ಚಿಕೊಂಡರು. ಕೆಳಗೆ ಗಾಡಿ ಮುಚ್ಚಿಕೊಳ್ಳಲಿಲ್ಲ. ಜನಿವಾರದ ಗಂಟು ಬಿಚ್ಚಲು ನಾವಿಬ್ಬರೂ ಒದ್ದಾಡಿದೆವು. ಆ ಒಂದು ತ್ರೆಡ್ ಮಾತ್ರ ಅವರು ಭದ್ರವಾಗಿ ಇಟ್ಟುಕೊಂಡಿದ್ದರು.