ತರಬೇತಿ ಶಿಬಿರದ ಮೊದಲ ಊಟ

ಸಂಘ ಕಟ್ಟುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಅದು ಹೋದ ವರ್ಷದ ಒಂದು ಭಾನುವಾರ ಮಧ್ಯಾಹ್ನದವರೆಗೂ ಇತ್ತು!

ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿ ನಾನು ಗುಮಾಸ್ತ. ಬಿಡುವಿನಲ್ಲಿ ಸಮಾಜವಾದಿ. ಕುದೇರಿನ ಆಚೆಯ ಒಂದು ಪುಟ್ಟ ಊರಿನಲ್ಲಿ ಕೂಲಿಯಾಳುಗಳ ಸಂಘದ ಶಾಖೆ ತೆರೆಯುವ ಹೊಣೆಯನ್ನು ಜಿಲ್ಲಾ ಸಮಿತಿ ನನ್ನ ಹೆಗಲಿಗೇರಿಸಿತ್ತು. ಗಂಡಾಳಿಗೂ ಹೆಣ್ಣಾಳಿಗೂ ಒಂದೇ ಕೂಲಿ ಕೊಡಿ ಎಂದು ಕೇಳಲು ಅಲ್ಲಿಯ ಹೆಂಗಸರಿಗೆ ಆಸೆ. ಒಬ್ಬೊಬ್ಬರೇ ಕೇಳಿದರೆ ಮಾರನೆಯ ದಿನ ಕೆಲಸವಿಲ್ಲ. ಕೇಳಲು ಸಂಘ ಬೇಕು, ಸಂಘಕ್ಕೆ ಏಳು ರುಜು ಬೇಕು. ಎರಡು ಸಲ ಹೋಗಿ ಗಂಟಲು ಹರಿಯುವಂತೆ ಭಾಷಣ ಮಾಡಿದ್ದೆ. ಒಂದು ರುಜುವೂ ಬಿದ್ದಿರಲಿಲ್ಲ! ಈ ಸಲವೂ ಬೀಳದಿದ್ದರೆ ಆ ಊರನ್ನು ಕೈಬಿಡುತ್ತೇವೆ ಎಂದು ಸಮಿತಿ ಹೇಳಿಬಿಟ್ಟಿತು.

ಆದ್ದರಿಂದ ತರಬೇತಿ ಶಿಬಿರ! ಸ್ಥಳ: ದೇವಮ್ಮನ ಮನೆ. ಆಕೆಯ ಗಂಡ ನಂಜಯ್ಯನವರು ಹಿಂದೆ ಆ ಊರಿನಲ್ಲಿ ಸಂಘ ಕಟ್ಟಿದ್ದವರು. ಅವರು ತೀರಿಕೊಂಡ ಮೇಲೆ ಸಂಘವೂ ಕಣ್ಣು ಮುಚ್ಚಿತ್ತು. ಮೊದಲ ಪಾಠ: ‘ಮೂಢನಂಬಿಕೆ ಮತ್ತು ವೈಜ್ಞಾನಿಕ ಮನೋಭಾವ’. ಬೋಧಕರು: ನಾನೇ.

“ಪಿತೃಪಕ್ಷ ಕಣ್ರೀ. ಆ ಊರಲ್ಲಿ ಹಬ್ಬ ಯಾವತ್ತು ಅಂತ ಕೇಳಿದ್ರಾ?” ಎಂದಳು ಹೆಂಡತಿ ಮಂಜುಳಾ.

“ನಮ್ಮನೇಲಿ ಹೋದ ವಾರಾನೇ ಆಯ್ತಲ್ಲೇ!”

“ಒಂದೊಂದೂರಿಗೆ ಒಂದೊಂದಿನ.”

ಸಮಾಜವಾದಿಯಾದವನು ಕ್ಯಾಲೆಂಡರ್ ನೋಡಿ ಕ್ರಾಂತಿ ಮಾಡುವುದಿಲ್ಲ ಎಂದು ಘೋಷಿಸಿ ಬಸ್ಸು ಹತ್ತಿದೆ.

ಬ್ಯಾನರ್ ಕಟ್ಟೋಣವೆಂದು ಎರಡು ತಾಸು ಮೊದಲೇ ಇಳಿದು, ಹೊಲದ ಬದಿಯ ಹಿಂದಿನ ಓಣಿಯಲ್ಲಿ ನಡೆದೆ. ಸುಡು ಬಿಸಿಲು. ನಲ್ಲಿಯ ಹತ್ತಿರ ಒಂದು ಬಿಂದಿಗೆ ತುಂಬಿ ಹರಿಯುತ್ತಿತ್ತು, ನಿಲ್ಲಿಸುವವರಿಲ್ಲ. ನಾಯಿಯೊಂದು ನನ್ನನ್ನು ನೋಡಿತು, ಬೊಗಳಲಿಲ್ಲ. ಇಡೀ ಊರು ಉಸಿರು ಬಿಗಿಹಿಡಿದಂತಿತ್ತು. ದೇವಮ್ಮನ ಹಿತ್ತಿಲ ಬಾಗಿಲು ಅರ್ಧ ತೆರೆದಿತ್ತು. ಕರೆಯಲು ಬಾಯಿ ತೆರೆದೆ. ಯಾಕೋ ಕರೆಯದೆಯೇ ಒಳಗೆ ಕಾಲಿಟ್ಟೆ.

ಒಳಗೆ ಕತ್ತಲು, ಮೂಗಿಗಡರುವ ಸಾಂಬ್ರಾಣಿ ಹೊಗೆ. ಕಣ್ಣು ಉರಿದು ಕನ್ನಡಕ ತೆಗೆದಿಟ್ಟೆ. ಮಸುಕು ಮಸುಕಾಗಿ ಕಂಡಿತು: ನೆಲದ ಮೇಲೆ ಬಾಳೆಲೆ, ಅದರ ತುಂಬ ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ. ಪಕ್ಕದಲ್ಲಿ ಹೊಸ ಪಂಚೆ. ಗೋಡೆಯ ಮೇಲೆ ಹಾರ. ನನ್ನ ಎದೆ ತುಂಬಿ ಬಂತು. ಬೋಧಕರಿಗೆ ಸನ್ಮಾನದ ಏರ್ಪಾಡು! ಒಂದು ಕಟ್ಟು ಬೀಡಿಯೂ ಇತ್ತು. ನಾನು ಬೀಡಿ ಸೇದುವುದಿಲ್ಲ. ಆದರೂ ದುಡಿಯುವ ವರ್ಗದ ಪ್ರೀತಿಯನ್ನು ಮೆಚ್ಚಿಕೊಂಡೆ.

ಸಾರು ಆರುತ್ತಿತ್ತು. ಕೂತೆ. ಉಂಡೆ. ಎಲೆ ಬರಿದು ಮಾಡಿದೆ. ಉಣ್ಣುವಾಗ ಎದುರಿಗೆ ಯಾರೋ ಕೂತು ನೋಡುತ್ತಿದ್ದಾರೆ ಎನ್ನಿಸುತ್ತಲೇ ಇತ್ತು. ಕೊನೆಗೆ ಒಂದು ತೇಗು ಬಂತು. ಸಾಮಾನ್ಯ ತೇಗಲ್ಲ, ಮನೆಯೆಲ್ಲ ಮೊಳಗುವಂಥ ತೇಗು!

ಮುಂಬಾಗಿಲ ಆಚೆ ಗುಸುಗುಸು ಎದ್ದಿತು.

“ಕೇಳುಸ್ತಾ? ಅಪ್ಪನ್ ತೇಗು ಕಣವ್ವಾ!” ದೇವಮ್ಮನ ಮಗ ಮಾದೇವನ ದನಿ ನಡುಗುತ್ತಿತ್ತು.

“ಸುಮ್ಕಿರ್ಲಾ, ನೆಮ್ದಿಯಾಗ್ ಉಣ್ಲಿ,” ಎಂದಳು ದೇವಮ್ಮ.

ತಲೆಯೆತ್ತಿದೆ. ಹಾರದ ನಡುವೆ ಒಂದು ಮುಖವಿತ್ತು. ಎಡೆ ಇಟ್ಟು, ಬಾಗಿಲು ಮುಚ್ಚಿ, ಸತ್ತವರು ಬಂದು ಉಂಡು ಹೋಗಲೆಂದು ಊರಿಗೆ ಊರೇ ಹೊರಗೆ ಕಾಯುತ್ತಿದೆ. ನಾನು ನಂಜಯ್ಯನವರ ಎಲೆಯ ಮುಂದೆ ಬೆರಳು ನೆಕ್ಕುತ್ತಿದ್ದೇನೆ! ಬಾಗಿಲ ಮೇಲೆ ಮೂರು ಸಲ ಬಡಿದ ಸದ್ದಾಯಿತು. “ಏನೂಂದ್ರೆ, ಉಂಡ್ರಾ? ಬಾಗ್ಲು ತಗೀತೀನಿ.” ಹಿತ್ತಿಲಿನಿಂದ ಎದ್ದು ಬಿದ್ದು ಓಡಿದೆ.

ಊರು ಸುತ್ತಿಕೊಂಡು, ಈಗಷ್ಟೇ ಬಸ್ಸಿಳಿದವನಂತೆ ಮುಂದಿನಿಂದ ಬಂದಾಗ ಅಂಗಳದ ತುಂಬ ಜನ.

“ಮೂರ್ತಣ್ಣ, ಅಪ್ಪ ಬಂದು ಉಂಡೋಯ್ತು! ಸಂಘದ್ ಮೀಟಿಂಗು ಅಂತ್ಲೇ ಬಂದದೆ. ರುಜು ಆಕೋ ಪುಸ್ತ್ಕ ಎಲ್ಲದೆ ಅಣ್ಣ?” ಎಂದ ಮಾದೇವ.

ಏಳಲ್ಲ, ಹದಿನೆಂಟು ರುಜು ಬಿದ್ದವು! ವೈಜ್ಞಾನಿಕ ಮನೋಭಾವದ ಬೋಧಕರು ಕತ್ತು ಬಗ್ಗಿಸಿ ಪುಸ್ತಕ ಹಿಡಿದುಕೊಂಡಿದ್ದರು. ಹತ್ತನೆಯ ರುಜುವಿನ ಹೊತ್ತಿಗೆ ತಡೆಯಲಾಗಲಿಲ್ಲ. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ದೇವಮ್ಮ ನನ್ನ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದಳು. ಸೆರಗಿನೊಳಗಿಂದ ನನ್ನ ಕನ್ನಡಕ ತೆಗೆದುಕೊಟ್ಟಳು.

“ನಮ್ಮೆಜಮಾನ್ರಿಗೆ ಕಣ್ಣು ಚೆಂದಾಗೇ ಕಾಣ್ತಿತ್ತು ಕಣಪ್ಪ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. “ತಪ್ಪಾಯ್ತು ಕಣವ್ವಾ. ಹೊರಗೆ ಹೇಳ್ಬುಡ್ತೀನಿ.”

“ಓಗ್ಲಿ ಬುಡು. ಉಂಡದ್ದು ಯಾರಾದ್ರೇನು, ಜನ ಒಂದಾದ್ರಲ್ಲ, ಅವ್ರಿಗೂ ಬೇಕಾಗಿದ್ದು ಅದೇಯ. ಆದ್ರೆ ಆ ಬೀಡಿ ಯಾಕಪ್ಪ ಸೇದ್ದೆ? ಅದು ಅವ್ರಿಗೇ ಅಂತ ಇಕ್ಕಿದ್ದು.”

ನೋಡಿದೆ. ಬೀಡಿ ಕಟ್ಟು ಬಿಚ್ಚಿತ್ತು. ಎಲೆಯ ಪಕ್ಕ ಅರ್ಧ ಸೇದಿದ ಬೀಡಿಯೊಂದು ಇನ್ನೂ ಸಣ್ಣಗೆ ಹೊಗೆಯಾಡುತ್ತಿತ್ತು.

“ನಾನು ಬೀಡಿ ಸೇದಲ್ಲ ಕಣವ್ವಾ.”

ದೇವಮ್ಮ ನನ್ನ ಮುಖ ನೋಡಿದಳು, ಹಾರದ ನಡುವಿನ ಫೋಟೊ ನೋಡಿದಳು, ನಿಧಾನವಾಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಶಾಖೆ ಈಗ ಜೋರಾಗಿ ನಡೆಯುತ್ತಿದೆ. ದೇವಮ್ಮನೇ ಅಧ್ಯಕ್ಷೆ, ಹೆಂಗಸರು ಒಟ್ಟಾಗಿ ಹೋಗಿ ಕೂಲಿ ಕೇಳುತ್ತಾರೆ. ತರಬೇತಿಗೆ ನಾನು ತಪ್ಪದೆ ಹೋಗುತ್ತೇನೆ. ವೈಜ್ಞಾನಿಕ ಮನೋಭಾವದ ಪಾಠವನ್ನು ಮಾತ್ರ ಬೇರೆಯವರಿಗೆ ವಹಿಸಿದ್ದೇನೆ. ಅದು ಮುಗಿಯುವವರೆಗೆ ನಾನು ಹೊರಗೆ ಜಗಲಿಯಲ್ಲಿ ಕೂತಿರುತ್ತೇನೆ, ಜೇಬಿನಲ್ಲಿ ಒಂದು ಕಟ್ಟು ಬೀಡಿ ಇಟ್ಟುಕೊಂಡು. ಯಾರಾದರೂ ಕೇಳಿದರೆ ಕೊಡಬೇಕಲ್ಲ!